ಅಮೆರಿಕದ ಹಳೇ ಕಾಲೇಜು ಹುಡುಗರ ಕಾಗದಗಳನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಅಮೆರಿಕದ ಹಳೇ ಕಾಲೇಜುಗಳ ಇತಿಹಾಸದಲ್ಲಿ ಬರೀ ಅಧ್ಯಕ್ಷರು, ಕಟ್ಟಡ, ದೇಣಿಗೆ ಇವೇ ಇರುತ್ತವೆ, ಅಲ್ಲಿ ಓದಿದವರು ತಾವೇ ಬರೆದ ಕಾಗದ ಸಿಗುತ್ತದಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಸಿಗುತ್ತದೆ. ಮನೆಯಲ್ಲೇ ಕೂತು ಪುಕ್ಕಟೆ ಓದಬಹುದು. ನಾನು ಕೆಲವು ವರ್ಷದಿಂದ ರಾತ್ರಿ ಊಟ ಆದ ಮೇಲೆ ಇದನ್ನೇ ಓದುತ್ತಿದ್ದೇನೆ. ಹಾರ್ವರ್ಡ್‌ನಿಂದ ಮಾತ್ರ ಶುರು ಮಾಡಬೇಡಿ, ಅಲ್ಲಿ ರಾಶಿ ಜಾಸ್ತಿ, ದಿಕ್ಕು ತಪ್ಪುತ್ತದೆ. ಒಂದೇ ಕಟ್ಟಡ, ಒಂದೇ ವರ್ಷ ಹಿಡಿದುಕೊಳ್ಳಿ. ನಾನು ಹಿಡಿದದ್ದು ಪ್ರಿನ್ಸ್‌ಟನ್‌ನ ನಸ್ಸೌ ಹಾಲ್, 1770. ಆಗ ಆ ಕಾಲೇಜಿಗೆ ಕಾಲೇಜ್ ಆಫ್ ನ್ಯೂಜೆರ್ಸಿ ಅಂತ ಹೆಸರು.

ಆ ವರ್ಷ ಅಲ್ಲಿಗೆ ಸೇರಿದ ಫಿಲಿಪ್ ವಿಕರ್ಸ್ ಫಿಥಿಯನ್ ಎಂಬ ಹುಡುಗ ನವೆಂಬರ್‌ನಲ್ಲಿ ಅಪ್ಪನಿಗೆ ಒಂದು ಕಾಗದ ಬರೆದ. ಅದರಲ್ಲಿ ಇಡೀ ದಿನ ಇದೆ. ಬೆಳಿಗ್ಗೆ ಐದಕ್ಕೆ ಗಂಟೆ. ಬಟ್ಟೆ ಹಾಕಿಕೊಳ್ಳಲು ಅರ್ಧ ತಾಸು, ಮತ್ತೆ ಗಂಟೆ, ಪ್ರಾರ್ಥನೆ. ಕೇಳಿಸಲೇ ಇಲ್ಲ ಅಂತ ಯಾರೂ ನೆಪ ಹೇಳಬಾರದಲ್ಲ, ಅದಕ್ಕೆ ಗಂಟೆ ಬಾರಿಸುವ ಆಳು ಒಂದೊಂದು ಬಾಗಿಲಿಗೂ ಹೋಗಿ ಹುಡುಗರು ಏಳುವ ತನಕ ಬಡಿಯುತ್ತಾನಂತೆ. ಆಮೇಲೆ ಮೇಣದ ಬತ್ತಿ ಬೆಳಕಿನಲ್ಲಿ ಒಂದು ತಾಸು ಓದು. ಎಂಟಕ್ಕೆ ತಿಂಡಿ, ಒಂದಕ್ಕೆ ಊಟ. ರಾತ್ರಿ ಒಂಬತ್ತಕ್ಕೆ ಮತ್ತೆ ಗಂಟೆ ಆಗುತ್ತದೆ, ಟ್ಯೂಟರ್ ಕೋಣೆ ಕೋಣೆಗೂ ಹೋಗಿ ಎಲ್ಲರೂ ಒಳಗಿದ್ದಾರಾ ಅಂತ ನೋಡುತ್ತಾರೆ.

ಎಂಥ ಶಿಸ್ತು ಅನ್ನಿಸುತ್ತದೆ, ಅಲ್ವಾ? ಆದರೆ ಇದು ಅಪ್ಪನಿಗೆ ಬರೆದದ್ದು. ಇದೇ ಫಿಥಿಯನ್ ಬೇರೆ ಕಡೆ ಕಾಲೇಜು ಹುಡುಗರ ತುಂಟಾಟಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾನೆ. ರಾತ್ರಿ ಓಡಾಡುವ ಜಾಗದಲ್ಲಿ ಜಿಡ್ಡು ಹತ್ತಿದ ಗರಿ ಚೆಲ್ಲುವುದು, ಬಾಗಿಲು ಬಡಿದು ಓಡಿಹೋಗುವುದು, ಅಕ್ಕಪಕ್ಕದವರ ಕೊಬ್ಬಿದ ಕೋಳಿ ಕದಿಯುವುದು. ಜೊತೆಗೆ ಬಾರಿಸಲು ಆಗದ ಹಾಗೆ ಗಂಟೆಯನ್ನು ಮಂಜುಗಟ್ಟಿಸುವುದು! ಐದಕ್ಕೆ ಎಬ್ಬಿಸುವ ಗಂಟೆಯ ಮೇಲೆ ಹುಡುಗರಿಗೆ ಎಷ್ಟು ಸಿಟ್ಟಿತ್ತು ಅಂತ ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಾಗಲೇ ತಿಳಿಯುವುದು. ಅದಕ್ಕೇ ಯಾವ ಕಾಗದ ತೆಗೆದರೂ ಅದು ಯಾರ ಕೈಗೆ ಹೋಗಬೇಕಿತ್ತು ಅಂತ ಮೊದಲು ನೋಡಿ, ಆಮೇಲೆ ಒಳಗಿನದು ಓದಿ.

ಅದೇ ವರ್ಷ ಜುಲೈನಲ್ಲಿ, ಫಿಥಿಯನ್‌ನ ಕಾಗದಕ್ಕೂ ನಾಲ್ಕು ತಿಂಗಳು ಮೊದಲು, ಅಲ್ಲೇ ಓದುತ್ತಿದ್ದ ಜೇಮ್ಸ್ ಮ್ಯಾಡಿಸನ್ ಅಪ್ಪನಿಗೆ ಬರೆದ ಕಾಗದದಲ್ಲೂ ಗಂಟೆ ಕೇಳಿಸುತ್ತದೆ. ಮುಂದೆ ದೇಶದ ಅಧ್ಯಕ್ಷನಾದ ಮ್ಯಾಡಿಸನ್ನೇ, ಆಗ ಹತ್ತೊಂಬತ್ತರ ಹುಡುಗ. ಆಗ ಅಮೆರಿಕವನ್ನು ಆಳುತ್ತಿದ್ದ ಬ್ರಿಟನ್ನಿನ ಸಾಮಾನು ತರಿಸುವುದಿಲ್ಲ ಅಂತ ಮಾಡಿಕೊಂಡಿದ್ದ ಕಟ್ಟುಪಾಡನ್ನು ನ್ಯೂಯಾರ್ಕಿನ ವರ್ತಕರು ಮುರಿಯಲು ಹೊರಟಿದ್ದರು, ನೀವೂ ಜೊತೆಗೆ ಬನ್ನಿ ಅಂತ ಫಿಲಡೆಲ್ಫಿಯಾದವರಿಗೆ ಬರೆದಿದ್ದರು. ಹುಡುಗರೆಲ್ಲ ಕಪ್ಪು ಗೌನ್ ತೊಟ್ಟು, ಸಾವಿಗೆ ಬಾರಿಸುವ ಹಾಗೆ ಗಂಟೆ ಬಾರಿಸುತ್ತಾ, ಆ ಪತ್ರವನ್ನು ಕಾಲೇಜಿನ ಅಂಗಳದಲ್ಲಿ ಸುಟ್ಟರಂತೆ. ಆ ವರ್ಷ ಪದವಿ ತೆಗೆದುಕೊಳ್ಳುವ 22 ಹುಡುಗರೂ ಅಮೆರಿಕದಲ್ಲೇ ನೇಯ್ದ ಬಟ್ಟೆ ಉಡುತ್ತಾರೆ ಅಂತಲೂ ಬರೆದಿದ್ದಾನೆ.

ಹಿಂದಿನ ವರ್ಷ, 1769ರ ಸೆಪ್ಟೆಂಬರ್‌ನಲ್ಲಿ, ಇದೇ ಅಪ್ಪನಿಗೆ ಅವನು ದುಡ್ಡಿನ ವಿಷಯ ಬರೆದಿದ್ದ. ಊರಲ್ಲಿ ಮಳೆ ಇಲ್ಲ, ಕೈ ಬಿಗಿ ಹಿಡಿದು ಖರ್ಚು ಮಾಡು ಅಂತ ಅಪ್ಪ ಹೇಳಿದ್ದರು. ಹಾಗೇ ಮಾಡುತ್ತೇನೆ, ಆದರೆ ಸಣ್ಣಪುಟ್ಟ ಸಾಮಾನಿಗೇ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೋಗುತ್ತದೆ ಅಂತ ಮಗನ ಉತ್ತರ. ಹಾಸ್ಟೆಲಿನಲ್ಲಿ ಇದ್ದವರಿಗೆಲ್ಲ ಗೊತ್ತಿರುವ ಮಾತು. ಆದರೆ ಆ ದುಡ್ಡು ಬರುತ್ತಿದ್ದದ್ದು ಗುಲಾಮರು ದುಡಿಯುತ್ತಿದ್ದ ತಂಬಾಕು ಹೊಲದಿಂದ. ಮ್ಯಾಡಿಸನ್ ಕಾಲೇಜಿಗೆ ಬಂದಾಗ ಸಾನಿ ಎಂಬ ಗುಲಾಮ ಜೊತೆಗಿದ್ದ. ಆ ವರ್ಷದ ಒಂದು ಕಾಗದದಲ್ಲಿ ಸಾನಿಯ ಹೆಸರು ಹೀಗೆ ಬಂದು ಹಾಗೆ ಹೋಗುತ್ತದೆ. ನನಗೆ ಅಲ್ಲಿಂದ ಮುಂದೆ ಓದಲು ತುಂಬ ಹೊತ್ತು ಬೇಕಾಯಿತು.

ಹುಡುಗಿಯರ ಕಾಗದ ಬೇಕಾದರೆ ಮೌಂಟ್ ಹೋಲಿಯೋಕ್ ಎಂಬ ಹುಡುಗಿಯರ ವಿದ್ಯಾಲಯಕ್ಕೆ ಬನ್ನಿ. 1847ರ ನವೆಂಬರ್‌ನಲ್ಲಿ, ಮುಂದೆ ದೊಡ್ಡ ಕವಿ ಅನ್ನಿಸಿಕೊಂಡ, ಆಗ ಇನ್ನೂ ಹದಿನಾರು ವರ್ಷದ ಎಮಿಲಿ ಡಿಕಿನ್ಸನ್ ಅಲ್ಲಿಂದ ಗೆಳತಿಗೆ ಬರೆದದ್ದು ಇದೆ. ಶುಲ್ಕ ಕಡಿಮೆ ಇರಲಿ ಅಂತ ಅಲ್ಲಿ ಮನೆಗೆಲಸವನ್ನು ಹುಡುಗಿಯರೇ ಹಂಚಿಕೊಳ್ಳುತ್ತಿದ್ದರು. ಎಮಿಲಿಯ ಪಾಲಿಗೆ ಬಂದದ್ದು ಚಾಕು: ಬೆಳಿಗ್ಗೆ, ಮಧ್ಯಾಹ್ನ ಒಂದು ಸಾಲಿನ ಊಟದ ಮೇಜುಗಳ ಚಾಕು ಎತ್ತಿಡುವುದು, ರಾತ್ರಿ ಅಷ್ಟೇ ಚಾಕು ತೊಳೆದು ಒರೆಸುವುದು.

ಇನ್ನೊಂದು ಕಾಗದ ಬಿಡಲೇಬೇಡಿ. ಅಮೆರಿಕದ ಮೂಲನಿವಾಸಿಗಳಾದ ಮೊಹಿಗನ್ ಬುಡಕಟ್ಟಿನ ಸ್ಯಾಮ್ಸನ್ ಆಕಮ್ ಬ್ರಿಟನ್ನಿಗೆ ಹೋಗಿ, ತಮ್ಮ ಜನರ ಮಕ್ಕಳ ಶಾಲೆಗೆ ಅಂತ ಸುಮಾರು 12,000 ಪೌಂಡ್ ಕೂಡಿಸಿ ತಂದರು. ಆ ದುಡ್ಡಿನ ಬಲದಿಂದ ಅವರ ಗುರು ವೀಲಾಕ್ 1769ರಲ್ಲಿ ಡಾರ್ಟ್‌ಮತ್ ಕಾಲೇಜು ಕಟ್ಟಿದರು, ಅದು ಹೆಚ್ಚಾಗಿ ಬಿಳಿಯರ ಮಕ್ಕಳ ಪಾಲಾಯಿತು. 1771ರಲ್ಲಿ ಆಕಮ್ ಗುರುವಿಗೇ ಬರೆದರು. ಓದಿದ ಕಾಲೇಜನ್ನು ಆಲ್ಮಾ ಮೇಟರ್ ಅನ್ನುತ್ತಾರಲ್ಲ, ಹಾಲೂಡಿಸುವ ತಾಯಿ ಅಂತ? ನಿಮ್ಮ ಕಾಲೇಜು ಆಲ್ಬಾ ಮೇಟರ್, ಬಿಳಿ ತಾಯಿ ಆಗಿಬಿಡುತ್ತದೆ, ಕಂದು ಮಕ್ಕಳಿಗೆ ಹಾಲು ಕೊಡಲಾರದು ಅಂತ ಹೇಳಿಬಿಟ್ಟರು. ಆಕಮ್ ಅವರ ಕಾಗದಪತ್ರಗಳನ್ನು ಡಾರ್ಟ್‌ಮತ್ 2022ರಲ್ಲಿ ಮೊಹಿಗನ್ ಜನರಿಗೇ ಹಿಂದಿರುಗಿಸಿತು.

ಮ್ಯಾಡಿಸನ್ ಕಾಗದಗಳು ಫೌಂಡರ್ಸ್ ಆನ್‌ಲೈನ್ (Founders Online) ಎಂಬ ವೆಬ್‌ಸೈಟಿನಲ್ಲಿ ಟೈಪ್ ಮಾಡಿ ಟಿಪ್ಪಣಿ ಸಮೇತ ಇವೆ. ಫಿಥಿಯನ್‌ದು 1900ರಲ್ಲಿ ಅಚ್ಚಾದ ಪುಸ್ತಕ, ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಆಕಮ್ ಅವರದಕ್ಕೆ ಆಕಮ್ ಸರ್ಕಲ್ (Occom Circle) ಅಂತ ಹುಡುಕಿದರೆ ಮೂಲ ಕೈಬರಹದ ಚಿತ್ರವೂ ಸಿಗುತ್ತದೆ. ಆ ಕಾಲದ ಕೈಬರಹದಲ್ಲಿ ಎಸ್ ಅಕ್ಷರ ಎಷ್ಟೋ ಕಡೆ ಎಫ್ ಥರ ಕಾಣುತ್ತದೆ, ಎರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಎಲ್ಲಾದರೂ ಸಾಲು ಬಿಡಿಸಲು ಆಗದಿದ್ದರೆ ಇಲ್ಲೇ ಕೇಳಿ, ಜೊತೆಗೆ ಕೂತು ಓದೋಣ.