ಬೋರ್‌ವೆಲ್ ನೀರಿಗೆ ಸೋಕರ್ ಪೈಪ್ ಆಗುತ್ತಾ?

ಚಿತ್ರದುರ್ಗದಲ್ಲಿ ಹಿತ್ತಲಿಗೆ ಟೊಮೆಟೊ, ಮೆಣಸಿನಕಾಯಿ, ಸೊಪ್ಪು ಹಾಕಿದ್ದೀರಿ, ಇರೋದು ಬೋರ್‌ವೆಲ್ ನೀರು, ಸೋಕರ್ ಪೈಪ್ ತಗೊಳ್ಳಲಾ ಅಂತ ಕೇಳಿದ್ದೀರಿ. ಸೊಪ್ಪಿನ ಮಡಿಗೆ ತಗೊಳ್ಳಿ. ಟೊಮೆಟೊ, ಮೆಣಸಿನಕಾಯಿಗೆ ಬೇಡ, ಡ್ರಿಪ್ (ಹನಿ ನೀರಾವರಿ) ಹಾಕಿ. ನಾನು ದಾವಣಗೆರೆಯವನು, ನಮ್ಮ ಹಿತ್ತಲಲ್ಲಿ ಎರಡೂ ಇವೆ.

ಸೋಕರ್ ಪೈಪನ್ನು ಹೆಚ್ಚಾಗಿ ಹಳೆ ಟೈರಿನ ರಬ್ಬರ್ ಪುಡಿಯಿಂದ ಮಾಡುತ್ತಾರೆ. ಮೈಯೆಲ್ಲ ಸಣ್ಣ ಸಣ್ಣ ರಂಧ್ರ. ನೀರು ಬಿಟ್ಟರೆ ಬೆವರಿದ ಹಾಗೆ ಉದ್ದಕ್ಕೂ ಜಿನುಗಬೇಕು, ಚಿಮ್ಮಿದರೆ ಒತ್ತಡ ಜಾಸ್ತಿ ಆಯ್ತು ಅಂತ ಅರ್ಥ. ಒತ್ತಡದ ಅಳತೆಯಲ್ಲಿ 10 ಪಿಎಸ್‌ಐ ಆಸುಪಾಸು ಸಾಕು, ಅಂದರೆ ಸುಮಾರು 23 ಅಡಿ ಎತ್ತರದ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ. ಮೋಟರಿಗೆ ನೇರವಾಗಿ ಸಿಕ್ಕಿಸಿದರೆ ಪೈಪ್ ಒಡೆಯುತ್ತೆ. ಮಹಡಿ ಮೇಲಿನ ಟ್ಯಾಂಕಿನಿಂದಲೇ ತನ್ನಿ, ಪೈಪಿನ ಒಂದೊಂದು ಎಳೆಯನ್ನೂ ಚಿಕ್ಕದಾಗಿ ಇಡಿ. 100 ಅಡಿ ದಾಟಿದರಂತೂ ಕೊನೆ ತುದಿಯ ಗಿಡಕ್ಕೆ ಏನೂ ಸಿಗಲ್ಲ. ಮಡಿಯೂ ಮಟ್ಟಸವಾಗಿರಬೇಕು, ಇಲ್ಲದಿದ್ದರೆ ತಗ್ಗಿನಲ್ಲಿ ಕೆಸರು, ದಿಬ್ಬದಲ್ಲಿ ಧೂಳು.

ಇದೆಲ್ಲ ಸುಧಾರಿಸಬಹುದು. ನಮ್ಮ ಕಡೆ ನಿಜವಾದ ತಲೆನೋವು ಗಡಸು ನೀರು. ನಿಮ್ಮ ಬಚ್ಚಲ ನಲ್ಲಿಯ ಬಾಯಿ ನೋಡಿ, ಬಿಳಿ ಪೊರೆ ಕಟ್ಟಿರುತ್ತೆ ಅಲ್ವಾ? ಅದೇ ಸುಣ್ಣ ಈ ರಂಧ್ರಗಳಲ್ಲೂ ಕೂರುತ್ತೆ, ಅದೂ ನೀರು ನಿಲ್ಲಿಸಿ ಪೈಪ್ ಒಣಗುವಾಗ. ಕಪ್ಪು ಪೈಪಿನ ಮೇಲೆ ಅಲ್ಲಲ್ಲಿ ಬೂದು ಬಣ್ಣದ ಕಲೆ ಕಾಣಿಸುತ್ತೆ, ಕೈಯಿಂದ ಉಜ್ಜಿದರೆ ಪುಡಿ ಬರುತ್ತೆ, ಆ ಜಾಗದಲ್ಲಿ ಜಿನುಗು ನಿಂತಿರುತ್ತೆ. ವಿನೆಗರ್‌ನಲ್ಲಿ ನೆನೆಸಿದರೆ ಸ್ವಲ್ಪ ಬಿಡುತ್ತೆ, ಪೂರ್ತಿ ಅಲ್ಲ. ನೀರಲ್ಲಿ ಬರುವ ಮರಳು ತಡೆಯೋಕೆ ಫಿಲ್ಟರ್ ಹಾಕಿ, ಆದರೆ ಕರಗಿದ ಸುಣ್ಣವನ್ನು ಯಾವ ಜಾಲರಿಯೂ ಹಿಡಿಯಲ್ಲ.

ಟೊಮೆಟೊಗೆ ಬೇಡ ಅಂದಿದ್ದು ಇದಕ್ಕೇ. ಅದಕ್ಕೆ ನೀರು ಒಂದೇ ಸಮ ಬೇಕು. ಒಣಗಿಸಿ ಒಮ್ಮೆಲೇ ಕುಡಿಸಿದರೆ ಹಣ್ಣು ಸೀಳುತ್ತೆ, ಕಾಯಿಯ ತಳ ಕಪ್ಪಾಗುತ್ತೆ. ಎಲ್ಲಿ ಕಟ್ಟಿದೆ ಅಂತ ಹುಡುಕುತ್ತಾ ಕೂರೋ ಬದಲು ಡ್ರಿಪ್ ಪೈಪಿಗೆ ಗಿಡಕ್ಕೊಂದು ಡ್ರಿಪ್ಪರ್ (ಹನಿ ಬಿಡುವ ಮೂತಿ) ಚುಚ್ಚಿ. ಬಿಚ್ಚಿ ತೊಳೆಯುವಂಥದ್ದೇ ತನ್ನಿ, ಕಟ್ಟಿದ್ದು ತಕ್ಷಣ ಕಾಣುತ್ತೆ, ಕೆಟ್ಟರೆ ಬದಲಾಯಿಸಬಹುದು. ಕೊತ್ತಂಬರಿ, ಮೆಂತ್ಯ, ದಂಟು ಒತ್ತಾಗಿ ಬೆಳೆಯುತ್ತವೆ, ಅಲ್ಲಿ ಡ್ರಿಪ್ಪರ್ ಲೆಕ್ಕ ಹಿಡಿಯೋದೇ ಕಷ್ಟ. ಅಂಥ ಮಡಿಗೆ ಸೋಕರ್ ಚೆನ್ನ, ಅಲ್ಲಲ್ಲಿ ಕಟ್ಟಿದರೂ ಸೊಪ್ಪು ಹೇಗೋ ನಡೆಯುತ್ತೆ.

ಕೆಂಪು ಮಣ್ಣಾದರೆ ನೀರು ನೇರ ಕೆಳಗಿಳಿಯುತ್ತೆ, ಎಳೆಗಳನ್ನು ಒಂದಡಿಗೊಂದು ಹಾಕಿ. ಎರೆ ಮಣ್ಣಾದರೆ ಪಕ್ಕಕ್ಕೂ ಹರಡುತ್ತೆ, ಎರಡಡಿ ಬಿಟ್ಟರೂ ನಡೆಯುತ್ತೆ. ಎಷ್ಟು ಹೊತ್ತು ಬಿಡಬೇಕು ಅಂತ ಗಡಿಯಾರ ನೋಡಬೇಡಿ, ಎಳೆಗಳ ನಡುವೆ ಬೆರಳು ಇಳಿಸಿ, ತುದಿಗೆ ಹಸಿ ತಾಗಿದರೆ ನಿಲ್ಲಿಸಿ. ಪೈಪ್ ಮೇಲೆ ಶೇಂಗಾ ಸಿಪ್ಪೆ ಹರಡಿ. ಚಳ್ಳಕೆರೆ ಕಡೆಯವರು ಯಾರಾದರೂ ಪರಿಚಯ ಇದ್ದರೆ ಬೇಕಾದಷ್ಟು ಸಿಗುತ್ತೆ. ಹೀಗೆ ಮುಚ್ಚಿದರೆ ಬಿಸಿಲಿಗೆ ರಬ್ಬರ್ ಬೇಗ ಬಿರುಕು ಬಿಡಲ್ಲ, ನೀರೂ ಅಷ್ಟಾಗಿ ಆವಿಯಾಗಲ್ಲ. ಕಳೆ ಕೀಳುವಾಗ ಮಾತ್ರ ಕುರ್ಪಿ ಹುಷಾರು, ಅಡಿಯಲ್ಲಿ ಪೈಪ್ ಇದೆ ಅಂತ ನೆನಪಿರಲ್ಲ.

ಇನ್ನೊಂದು, ಅಂಗಡಿಯಲ್ಲಿ ಸೋಕರ್ ಕೇಳಿದರೆ ರೇನ್ ಪೈಪ್ ಕೊಟ್ಟುಬಿಡಬಹುದು. ಅದು ಈರುಳ್ಳಿ ಹೊಲಕ್ಕೆ ಹಾಕೋದು, ನೀರನ್ನು ಮೇಲಕ್ಕೆ ಚಿಮ್ಮಿಸುತ್ತೆ. ಟೊಮೆಟೊ ಎಲೆ ನೆನೆದು ರೋಗ ಬರುತ್ತೆ, ತರಬೇಡಿ.