ಹೊಸ ತೊಟ್ಟಿಯಲ್ಲಿ ಸಿಕ್ಲಿಡ್ ಮೀನುಗಳು ಯಾಕೆ ಸಾಯುತ್ತಿವೆ?

ಪ್ರಶ್ನೆ: ಹತ್ತು ದಿನದ ಹಿಂದೆ 200 ಲೀಟರಿನ ಅಕ್ವೇರಿಯಂ ಇಟ್ಟು, ಮರುದಿನವೇ ಎಂಟು ಮಲಾವಿ ಸಿಕ್ಲಿಡ್ ಮರಿ ಬಿಟ್ಟೆ. ಎರಡು ಸತ್ತವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿವೆ. ನೀರು ತಿಳಿಯಾಗಿಯೇ ಇದೆ. ನಮ್ಮ ಬೋರ್ ನೀರು ಗಡಸು, ಅದೇ ಕಾರಣವೇ?
– ಓದುಗರು, ರಾಯಚೂರು

ಉತ್ತರ: ಗಡಸು ನೀರನ್ನು ಬೈಯಬೇಡಿ. ಇವುಗಳ ತವರಾದ ಆಫ್ರಿಕಾದ ಮಲಾವಿ ಸರೋವರದ ನೀರೇ ಕ್ಷಾರದ್ದು, ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 8ರ ಆಸುಪಾಸು, ಇವಕ್ಕೆ ಅದೇ ಒಗ್ಗುತ್ತದೆ. ನನಗೆ ಅನುಮಾನ ಇರುವುದು ಅಮೋನಿಯಾ ಮೇಲೆ. ಮೀನಿನ ಹೇಲು, ಉಳಿದ ಆಹಾರದಿಂದ ಬರುವ ಈ ವಿಷ ಕಣ್ಣಿಗೆ ಕಾಣಲ್ಲ, ಅದನ್ನು ಮುರಿಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು, ಅದೂ ಅಲ್ಲದೆ ಕ್ಷಾರದ, ಬಿಸಿ ನೀರಿನಲ್ಲಿ ಅದರ ವಿಷ ಜಾಸ್ತಿ.

ಇವತ್ತೇ ಮೂರರಲ್ಲೊಂದು ಪಾಲು ನೀರು ಬದಲಿಸಿ. ಹೊಸ ನೀರು ಕೈಗೆ ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಲಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿಯೇ ಬಿಡಿ. ಎರಡು ದಿನ ಆಹಾರ ಬೇಡ, ಸಾಯಲ್ಲ. ಆಮೇಲೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತಂದು ಅಮೋನಿಯಾ, ಅದು ಮುರಿದಾಗ ಬರುವ ಇನ್ನೊಂದು ವಿಷ ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ದಿನಾ ಸ್ವಲ್ಪ ನೀರು ಬದಲಿಸುತ್ತಿರಿ. ಪರಿಚಯದವರ ಆರೋಗ್ಯವಾದ ಹಳೇ ತೊಟ್ಟಿಯ ಫಿಲ್ಟರ್ ಸ್ಪಂಜು ಒಂದು ತುಂಡು ಸಿಕ್ಕರೆ ಬಿಡಬೇಡಿ, ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನೊಳಗೆ ಇಡಿ, ಅದರಲ್ಲಿರುವ ಕಂದು ಲೋಳೆಯೇ ನಿಮಗೆ ಬೇಕಾದ ಬ್ಯಾಕ್ಟೀರಿಯಾ. ನಲ್ಲಿ ಕೆಳಗೆ ತೊಳೆದರೆ ಎಲ್ಲಾ ಹೋಯ್ತು.

ರಾಯಚೂರಿನ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮುಚ್ಚಳ ತೆಗೆದು ಬಲೆ ಹಾಸಿ, ನೀರಿನ ಮೇಲೆ ಚಿಕ್ಕ ಫ್ಯಾನ್ ಗಾಳಿ ಬಿಡಿ, ಏರ್ ಪಂಪ್ ರಾತ್ರಿಯೂ ನಿಲ್ಲಿಸಬೇಡಿ. ಸತ್ತ ಎರಡರ ಜಾಗಕ್ಕೆ ಈಗಲೇ ಹೊಸ ಮೀನು ತರಬೇಡಿ.