ನಮ್ಮ ಮನೆಯಲ್ಲಿ ವಯಸ್ಸಾದವರಿದ್ದಾರೆ. ಮನೆಗೆ ಮಾನಿಟರಿಂಗ್ ಇರುವ ಅಲಾರಂ ಹಾಕಿಸಬೇಕಾ, ಇಲ್ಲ ಮೊಬೈಲ್‌ಗೆ ನೋಟಿಫಿಕೇಷನ್ ಬಂದರೆ ಸಾಕಾ?

ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿತ್ತು. ಮಾನಿಟರಿಂಗ್ ಅಂದರೆ, ಅಲಾರಂ ಕೂಗಿದಾಗ ಕಂಪನಿಯ ಸೆಂಟರ್‌ನಲ್ಲಿ ಎಚ್ಚರವಾಗಿ ಕೂತವರಿಗೆ ಸುದ್ದಿ ಹೋಗಿ, ಅವರು ಕರೆ ಮಾಡುವ ವ್ಯವಸ್ಥೆ. ಕೊನೆಗೆ ತಿಂಗಳ ದುಡ್ಡು ಹೋದರೂ ಪರವಾಗಿಲ್ಲ, ಮಾನಿಟರಿಂಗೇ ಇರಲಿ ಅಂತ ಹಾಕಿಸಿದೆವು. ಆಮೇಲೂ ಕಳ್ಳ ನುಗ್ಗಿದ. ಅಲಾರಂ ಕೆಟ್ಟಿರಲಿಲ್ಲ. ಆನ್ ಮಾಡುವುದನ್ನು ಯಾರೂ ಮರೆತಿರಲಿಲ್ಲ. ಸೈರನ್ ಕೂಗಿದೆ ಕೂಡ. ಆದರೆ ಮಾನಿಟರಿಂಗ್ ಸೆಂಟರ್‌ಗೆ ಸುದ್ದಿಯೇ ಹೋಗಿಲ್ಲ.

ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಮಾರೋಕೆ ಬರುವವರು ಇದನ್ನು ತಾವಾಗಿ ಹೇಳುವುದಿಲ್ಲ.

ನಮ್ಮ ಮೇನ್ ಸ್ವಿಚ್ ಇರುವುದು ಹೊರಗೋಡೆಯ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ ಇರಲಿಲ್ಲ. ಕಳ್ಳ ಮೊದಲು ಅದನ್ನು ಆಫ್ ಮಾಡಿದ್ದಾನೆ. ಅಲಾರಂ ಪ್ಯಾನೆಲ್, ಅಂದರೆ ಸೆನ್ಸಾರ್‌ಗಳೆಲ್ಲ ಸೇರುವ ಮುಖ್ಯ ಪೆಟ್ಟಿಗೆ, ಅದರ ಒಳಗೆ 12 ವೋಲ್ಟ್ ಬ್ಯಾಟರಿ ಇತ್ತಲ್ಲ, ಹಾಗಾಗಿ ಪ್ಯಾನೆಲ್ ಬ್ಯಾಟರಿಗೆ ಹೊರಳಿಕೊಂಡು ಕೆಲಸ ಮುಂದುವರಿಸಿದೆ. ಆದರೆ ಪ್ಯಾನೆಲ್‌ನಿಂದ ಸೆಂಟರ್‌ಗೆ ಸಿಗ್ನಲ್ ಹೋಗುತ್ತಿದ್ದದ್ದು ಮನೆಯ ಇಂಟರ್‌ನೆಟ್ ಮೂಲಕ. ರೂಟರ್ ಇದ್ದದ್ದು ಸಾದಾ ಪ್ಲಗ್ಗಿನಲ್ಲಿ. ಅದಕ್ಕೆ ಬ್ಯಾಟರಿ ಇಲ್ಲ, ಯುಪಿಎಸ್ ಇಲ್ಲ. ಮೇನ್ ಹೋದ ಕ್ಷಣವೇ ರೂಟರ್ ಸತ್ತಿತು. 'ಮನೆಯಲ್ಲಿ ಕರೆಂಟ್ ಹೋಗಿದೆ' ಅಂತ ತಿಳಿಸುವ ಸಿಗ್ನಲ್ ಒಂದು ಇರುತ್ತದೆ. ಅದೂ ಆ ಸತ್ತ ರೂಟರ್ ಮೂಲಕವೇ ಹೋಗಬೇಕಿತ್ತು.

ಆಮೇಲೆ ಟೆಕ್ನಿಷಿಯನ್ ಕೀಪ್ಯಾಡ್‌ನಲ್ಲಿ ಲಾಗ್, ಅಂದರೆ ಯಾವಾಗ ಏನಾಯಿತು ಅನ್ನುವ ದಾಖಲೆ, ತೆಗೆದು ತೋರಿಸಿದರು. ಮೊದಲ ಸಾಲು, ಎಸಿ ಫೇಲ್, ಅಂದರೆ ಕರೆಂಟ್ ಹೋಗಿದೆ. ಅದರ ಕೆಳಗೆ ಕಮ್ಯುನಿಕೇಷನ್ ಫೇಲ್, ಅಂದರೆ ಸೆಂಟರ್ ಜೊತೆ ಸಂಪರ್ಕ ತಪ್ಪಿದೆ. ಒಂದಿಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಹಿಂಬಾಗಿಲು, ಹಾಲ್, ಬೆಡ್‌ರೂಮ್, ಒಂದರ ಹಿಂದೆ ಒಂದು. ಮಧ್ಯದ ಆ ಖಾಲಿ ಹೊತ್ತು ನೋಡಿ ನನಗೆ ಮೈ ಜುಂ ಅಂದಿತು. ಕರೆಂಟ್ ತೆಗೆದು, ಯಾರಾದರೂ ಬರುತ್ತಾರಾ ಅಂತ ಅವನು ಕಾದಿದ್ದಾನೆ. ಯಾರೂ ಬಂದಿಲ್ಲ.

ಇಷ್ಟಾದರೂ ಸೆಂಟರ್‌ನವರಿಗೆ ಅನುಮಾನ ಬರಬೇಕಿತ್ತು ಅಲ್ವಾ? ನಾನೂ ಅದನ್ನೇ ಕೇಳಿದೆ. ನಮ್ಮ ಪ್ಲಾನ್‌ನಲ್ಲಿ ಪ್ಯಾನೆಲ್ 'ನಾನಿದ್ದೇನೆ' ಅಂತ ದಿನಕ್ಕೆ ಒಂದು ಸಲ ಟೆಸ್ಟ್ ಸಿಗ್ನಲ್ ಕಳಿಸುತ್ತಿತ್ತು, ಅಷ್ಟೇ. ಮುಂದಿನ ಟೆಸ್ಟ್ ತಪ್ಪುವವರೆಗೂ ಅವರ ಸ್ಕ್ರೀನ್‌ನಲ್ಲಿ ನಮ್ಮ ಮನೆ ಸರಿಯಾಗಿಯೇ ಇರುತ್ತದೆ. ಕೆಲವು ಪ್ಲಾನ್‌ಗಳಲ್ಲಿ ಸೆಂಟರ್ ಕೆಲವೇ ನಿಮಿಷಕ್ಕೊಮ್ಮೆ ಲೈನ್ ನೋಡುತ್ತಿರುತ್ತದೆ. ಕಡಿದುಹೋದರೆ ಬೇಗ ಗೊತ್ತಾಗುತ್ತದೆ. ನಾವು ಕೇಳಬೇಕಿದ್ದ ಪ್ರಶ್ನೆ ಅದೊಂದೇ: ಲೈನ್ ಕಡಿದರೆ ನಿಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಸೆನ್ಸಾರ್ ಎಷ್ಟು, ರಿಮೋಟ್ ಎಷ್ಟು, ಆ್ಯಪ್ ಹೇಗಿದೆ ಅಂತೆಲ್ಲ ಕೇಳಿದೆವು. ಇದನ್ನು ಕೇಳಲಿಲ್ಲ. ಅಮ್ಮನ ಒಡವೆ ಹೋಯಿತು. ಮಕ್ಕಳ ಚಿಕ್ಕಂದಿನ ಫೋಟೋಗಳಿದ್ದ ಲ್ಯಾಪ್‌ಟಾಪ್ ಹೋಯಿತು. ಒಡವೆಗಿಂತ ಅದಕ್ಕೇ ಅಮ್ಮ ಜಾಸ್ತಿ ಅತ್ತರು.

ಅಕ್ಕಪಕ್ಕದವರಿಗೆ ಸೈರನ್ ಕೇಳಿಸಿದೆ. ಯಾರೂ ಎದ್ದು ಬರಲಿಲ್ಲ, ಅವರನ್ನು ದೂರುವುದೂ ಸರಿಯಲ್ಲ. ಹಾಲ್‌ನ ಮೋಷನ್ ಸೆನ್ಸಾರ್ ಬಿಸಿಲು ಬೀಳುವ ಕಿಟಕಿಗೆ ಎದುರಾಗಿತ್ತು. ಅದು ನೋಡುವುದು ಶಾಖದ ಬದಲಾವಣೆಯನ್ನು. ಹಾಗಾಗಿ ಸುಮ್ಸುಮ್ನೆ ಕೂಗಿ ಕೂಗಿ ಅವರಿಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ಪೊಲೀಸರ ಕಷ್ಟವೂ ಇದೇ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಸುಳ್ಳು ಅಲಾರಂಗಳ ಕಾಟ ತಡೆಯಲಾರದೆ, ಯಾರಾದರೂ ಸ್ಥಳಕ್ಕೆ ಹೋಗಿ ನೋಡಿ ಖಚಿತಪಡಿಸಿದ ಮೇಲೆಯೇ ಪೊಲೀಸರು ಬರುತ್ತಾರೆ ಅಂತ 2000ದಲ್ಲೇ ನಿಯಮ ತಂದರು. ನಿಮ್ಮ ಕಡೆ ನಿಯಮ ಏನು ಅಂತ ಮೊದಲೇ ವಿಚಾರಿಸಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾನಿಟರಿಂಗಾ, ಮೊಬೈಲಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನಿಸುತ್ತದೆ. ಎರಡರಲ್ಲೂ ಸುದ್ದಿ ಮನೆಯಿಂದ ಹೊರಗೆ ಹೋಗಬೇಕು. ಮೊಬೈಲ್‌ಗೆ ಬರುವ ನೋಟಿಫಿಕೇಷನ್ ಕೂಡ ಅದೇ ರೂಟರ್ ದಾಟಿಯೇ ಬರಬೇಕು. ಮೊದಲು ಆ ದಾರಿ ಗಟ್ಟಿ ಮಾಡಿ. ಪ್ಯಾನೆಲ್‌ಗೆ ಇಂಟರ್‌ನೆಟ್ ಜೊತೆಗೆ ಸಿಮ್ ಕೂಡ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಸಿಮ್ ಇದೆ ಅಂದ ಮಾತ್ರಕ್ಕೆ ಒಪ್ಪಿಕೊಳ್ಳಬೇಡಿ, 3ಜಿಯದಾ, 4ಜಿಯದಾ, ಯಾವ ನೆಟ್‌ವರ್ಕ್‌ದು ಕೇಳಿ. ಎಟಿ ಅಂಡ್ ಟಿ ಅನ್ನುವ ಮೊಬೈಲ್ ಕಂಪನಿ 2022ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 3ಜಿ ಮುಚ್ಚಿದಾಗ, ಅದನ್ನೇ ನಂಬಿದ್ದ ಹಳೇ ಅಲಾರಂಗಳಿಗೆ ಹೊರಗಿನ ಸಂಪರ್ಕವೇ ತಪ್ಪಿತು. ರೂಟರ್‌ಗೆ ಚಿಕ್ಕ ಯುಪಿಎಸ್ ಹಾಕಿ. ಮೇನ್ ಪೆಟ್ಟಿಗೆಗೆ ಬೀಗ ಹಾಕಬಹುದಾ, ಅಲ್ಲಿನ ವಿದ್ಯುತ್ ನಿಯಮ ಏನು ಹೇಳುತ್ತದೆ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಪ್ಯಾನೆಲ್ ಬ್ಯಾಟರಿ ಮೂರರಿಂದ ಐದು ವರ್ಷಕ್ಕೆ ಸೋಲುತ್ತದೆ, ಬದಲಿಸುವ ತಾರೀಖು ಅದರ ಮೇಲೇ ಬರೆದಿಡಿ.

ಇಷ್ಟಾದ ಮೇಲೆ ಕೇಳಿದರೆ, ಹೌದು, ಮಾನಿಟರಿಂಗೇ ತಗೊಳ್ಳಿ. ನೀವು ನಿದ್ದೆಯಲ್ಲಿರುತ್ತೀರಿ, ವಿಮಾನದಲ್ಲಿರುತ್ತೀರಿ, ಮೀಟಿಂಗ್‌ನಲ್ಲಿ ಫೋನ್ ಸೈಲೆಂಟ್ ಇರುತ್ತದೆ. ಎಚ್ಚರವಾಗಿ ಕೂರುವ ಕೆಲಸ ಬೇರೆಯವರದ್ದೇ ಆಗಿರಬೇಕು. ಸೆಂಟರ್‌ನವರು ಕರೆ ಮಾಡುವ ಪಟ್ಟಿಯಲ್ಲಿ ಗಂಡ ಹೆಂಡತಿ ಇಬ್ಬರದೇ ನಂಬರ್ ಕೊಡಬೇಡಿ. ಪ್ರವಾಸ ಹೋದಾಗ ಇಬ್ಬರೂ ಒಟ್ಟಿಗೇ ಇರುತ್ತೀರಿ. ಹತ್ತಿರದಲ್ಲೇ ಇದ್ದು, ರಾತ್ರಿ ಫೋನ್ ಎತ್ತುವ ಒಬ್ಬರ ನಂಬರ್ ಇರಲಿ. ಮನೆಯಲ್ಲಿ ವಯಸ್ಸಾದವರಿದ್ದಾರೆ ಅಂತ ಬರೆದಿದ್ದೀರಿ. ಅವರಿಗೆ ಡ್ಯೂರೆಸ್ ಕೋಡ್ ಕಲಿಸಿ. ಯಾರಾದರೂ ಹೆದರಿಸಿ ಅಲಾರಂ ಆಫ್ ಮಾಡಿಸಿದರೆ ಆ ಕೋಡ್ ಒತ್ತಬೇಕು. ಅಲಾರಂ ಆಫ್ ಆದ ಹಾಗೆ ಕಾಣುತ್ತದೆ, ಒಳಗಿಂದೊಳಗೆ ಸೆಂಟರ್‌ಗೆ ಸುದ್ದಿ ಹೋಗುತ್ತದೆ.

ಬೋರ್ಡು, ಸ್ಟಿಕ್ಕರ್ ಸಾಕು ಅನ್ನುವವರೂ ಸಿಗುತ್ತಾರೆ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಷಾರ್ಲಟ್ ಕ್ಯಾಂಪಸ್‌ನವರು ಜೈಲಿನಲ್ಲಿದ್ದ 422 ಕಳ್ಳರನ್ನು ಕೇಳಿದ್ದರು. ಅಲಾರಂ ಇದೆಯಾ ಅಂತ ಮೊದಲೇ ನೋಡಿಕೊಳ್ಳುತ್ತೇವೆ ಅಂದವರು ಸುಮಾರು 83%. ಇದ್ದರೆ ಬೇರೆ ಮನೆ ನೋಡುತ್ತೇವೆ ಅಂದವರು 60%. ಉಳಿದವರೂ ಇದ್ದಾರಲ್ಲ! ನಮ್ಮ ಮನೆಗೆ ಬಂದವನು ಸ್ಟಿಕ್ಕರ್ ಪಕ್ಕದಲ್ಲೇ ನಿಂತು ಮೇನ್ ಆಫ್ ಮಾಡಿದ್ದ.

ಹಾಕಿಸಿದ ದಿನ ಟೆಕ್ನಿಷಿಯನ್ ಹೊರಡುವ ಮುಂಚೆ ಒಂದು ಕೆಲಸ ಮಾಡಿಸಿ. ಸೆಂಟರ್‌ಗೆ ಫೋನ್ ಮಾಡಿ ಟೆಸ್ಟ್ ಅಂತ ಹೇಳಿ. ಅಲಾರಂ ಆನ್ ಮಾಡಿ, ಮೇನ್ ಸ್ವಿಚ್ ಆಫ್ ಮಾಡಿ, ರೂಟರ್ ಕೂಡ ಕಿತ್ತು ಹಾಕಿ. ಆಮೇಲೆ ಹಿಂಬಾಗಿಲು ತೆಗೆಯಿರಿ. ನಿಮ್ಮ ಕಡೆಯಿಂದ ಏನೇನು ಬಂತು, ಎಷ್ಟು ಗಂಟೆಗೆ ಬಂತು ಅಂತ ಸೆಂಟರ್‌ನವರನ್ನೇ ಕೇಳಿ. ಅವರು ಹಿಂಬಾಗಿಲು ಅಂತ ಬಾಯಿಬಿಟ್ಟು ಹೇಳುವವರೆಗೂ ಬಾಕಿ ಹಣ ಕೊಡಬೇಡಿ.